ಬಟ್ಟೆ ತಾಳದ ಮೈ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ ಐದೂವರೆ

ಹೊಸ ಡೈರಿ. ಬಟ್ಟೆ ಸಪ್ಲೈ ಮಾಡುವವರು ಕೊಟ್ಟದ್ದು. ಹೊಸ ವರ್ಷದ ಡೈರಿಯನ್ನು ಅವರು ಕೊಡುವುದೇ ಫೆಬ್ರವರಿಯಲ್ಲಿ. ಮೊದಲ ಪುಟದಲ್ಲಿ ಹೆಸರು, ಹುದ್ದೆ ಅಂತ ಗೆರೆ ಎಳೆದಿದ್ದಾರೆ. ಹೆಸರು ಬೇಡ, ನನಗೆ ಗೊತ್ತಿದೆ. ಹುದ್ದೆ — ಈ ಮನೆಯ ಯಜಮಾನಿ, ಕೆಳಗಿನ ವರ್ಕ್‌ಶಾಪಿನ ಕಟಿಂಗ್ ಮಾಸ್ಟರ್. ವಯಸ್ಸು ನಲವತ್ತಮೂರು. ಓದಿದ್ದು ಹೈಸ್ಕೂಲು. ಲೆಕ್ಕದಲ್ಲಿ ಇವತ್ತಿಗೂ ಯಾರಿಗೂ ಸೋತವಳಲ್ಲ.

ಮೇಲೆ ಮನೆ, ಕೆಳಗೆ ಕೆಲಸ. ಅತ್ತೆ ಕಣ್ಣು ಮಂಜಾದ ವರ್ಷ ಕಟಿಂಗ್ ಮೇಜು ನನಗೆ ಬಂತು, ಮೇಜಿನ ಜೊತೆ ಮನೆಯೂ ಬಂತು. ನಮ್ಮವರು ಗುಂಡಿಯ ಕಾಜಾ ಹಾಕುವ ಮಷೀನಿಗೆ ಕೂರುತ್ತಾರೆ. ಮೈದುನ ಆರ್ಡರು ತರುತ್ತಾನೆ. ವಾರಗಿತ್ತಿ ಹೊಲಿಗೆಯ ಸಾಲು ನೋಡಿಕೊಳ್ಳುತ್ತಾಳೆ. ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲಿನ ಪದರಕ್ಕೆ ಚಾಕ್‌ನಲ್ಲಿ ಗೆರೆ ಹಾಕುವವಳು ನಾನು. ಕಟರ್ ಓಡಿಸುವವಳೂ ನಾನೇ. ಮೇಲಿನ ಗೆರೆ ಒಂದು ತಪ್ಪಿದರೆ ಕೆಳಗಿನ ಪದರವೆಲ್ಲ ತಪ್ಪು. ಅದಕ್ಕೇ ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಶಾಲೆಗಳ ಕೋಟಿನ ಆರ್ಡರು ಬಂದಿದೆ. ಎಡಪಕ್ಕೆಯಲ್ಲಿ ಒಂದು ನೋವು. ಮೇಜಿನ ಅಂಚಿಗೆ ಒರಗಿ ಒರಗಿ ಇರಬೇಕು. ಬೆರಳಿನ ಗಂಟುಗಳು ಪರವಾಗಿಲ್ಲ — ಕೀಲು ಡಾಕ್ಟರ ಮಾತ್ರೆ ತಪ್ಪಿಸದೆ ನುಂಗುತ್ತಿದ್ದೇನೆ.

ಕೆಳಗೆ ಷಟರ್ ಎತ್ತಿದ ಸದ್ದು. ಹೋಗಬೇಕು.


ಫೆಬ್ರವರಿ 5, ಬುಧವಾರ

ಪಕ್ಕೆ ನೋವು ಹೆಚ್ಚು. ಒಳಗಿನಿಂದ ಯಾರೋ ಸೂಜಿಯಲ್ಲಿ ಕಚ್ಚಾ ಹೊಲಿಗೆ ಹಾಕಿದ ಹಾಗೆ. ಚುಚ್ಚಿ, ಎಳೆದು, ಬಿಟ್ಟು, ಮತ್ತೆ ಚುಚ್ಚಿ...

ಹಳೇ ಬಟ್ಟೆ ಮಡಿಸಿ ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿ ಒತ್ತಿಕೊಂಡೆ. ನಮ್ಮ ವರ್ಕ್‌ಶಾಪಿನಲ್ಲಿ ಯಾರಿಗೆ ಎಲ್ಲಿ ನೋವಾದರೂ ಔಷಧಿ ಅದೇ. ಸೊಂಟಕ್ಕೂ ಇಸ್ತ್ರಿ, ಭುಜಕ್ಕೂ ಇಸ್ತ್ರಿ.

ಮಗಳು ಗುಬ್ಬಿ ಕಾಲೇಜಿಂದ ಬಂದವಳೇ ಹಿಂದಿನಿಂದ ತಬ್ಬಿದಳು. ಕಿರುಚಿಬಿಟ್ಟೆ. ಅವಳ ಮುಖ ಸಣ್ಣಗಾಯಿತು. "ಬೆಳೆದ ಹುಡುಗಿ, ಇನ್ನೂ ಕೋತಿ ಹಾಗೆ ಜೋತು ಬೀಳ್ತೀಯಲ್ಲ" ಅಂದೆ. ನೋವು ಅಂತ ಹೇಳಬಹುದಿತ್ತು.


ಫೆಬ್ರವರಿ 7, ಶುಕ್ರವಾರ. ಸ್ನಾನದ ನಂತರ

ಬೊಕ್ಕೆ ಎದ್ದಿವೆ. ಪಕ್ಕೆಯ ಮೇಲೆ ಸಾಲಾಗಿ, ನೀರು ತುಂಬಿಕೊಂಡು.

ಸುಟ್ಟುಕೊಂಡಿದ್ದೇನೆ. ಇನ್ನೇನು. ಬಟ್ಟೆ ಬಿಸಿ ಜಾಸ್ತಿಯಾಗಿತ್ತು, ನೋವಿನಲ್ಲಿ ತಿಳಿಯಲಿಲ್ಲ. ಹೋದ ತಿಂಗಳು ಇಸ್ತ್ರಿಯವನು ಕೈ ಸುಟ್ಟುಕೊಂಡಾಗ ಎಲ್ಲರ ಮುಂದೆ "ಕಣ್ಣು ಎಲ್ಲಿಟ್ಟಿದ್ದೆ?" ಅಂತ ಬೈದವಳು ನಾನು. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ? ಸುಟ್ಟಗಾಯದ ಮುಲಾಮು ಹಚ್ಚಿದೆ. ಮೇಲೆ ಮೆತ್ತನೆ ಹತ್ತಿಬಟ್ಟೆ. ಕೆಳಗಿಳಿದು ಕೆಲಸ ಮಾಡಿದೆ. ಯಾರಿಗೂ ಗೊತ್ತಿಲ್ಲ.


ಫೆಬ್ರವರಿ 9, ಭಾನುವಾರ

ಲೆಕ್ಕ ಕೂಡುತ್ತಿಲ್ಲ. ಬೆನ್ನ ಮೇಲೂ ಬೊಕ್ಕೆ. ಅಲ್ಲಿಗೆ ನಾನು ಬಿಸಿಬಟ್ಟೆ ಒತ್ತಿಯೇ ಇಲ್ಲ. ಕೈಯೇ ಹೋಗುವುದಿಲ್ಲ.

ಕನ್ನಡಿ ಮುಂದೆ ನಿಂತು ಅಳತೆ ಟೇಪು ಹಿಡಿದೆ. ಎದೆಯ ಕೆಳಗಿನಿಂದ ಬೆನ್ನುಮೂಳೆಯವರೆಗೆ ಅರ್ಧ ಬೆಲ್ಟು. ಎರಡು ತುದಿಯೂ ಇನ್ನೊಂದು ಪಕ್ಕವನ್ನು ಸುತ್ತಿ ಬಂದು ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಅಂತ ಚಿಕ್ಕಂದಿನಲ್ಲಿ ಕೇಳಿದ್ದು ನೆನಪಾಯಿತು. ಆ ಕಾಯಿಲೆಯ ಹೆಸರನ್ನು ಬರೆಯಲು ಪೆನ್ನು ಏಳುತ್ತಿಲ್ಲ. ಅದು ಮುದುಕರಿಗೆ ಬರುವುದು. ನನಗೇಕೆ?

ನಾಳೆ ಮತ್ತೆ ಅಳೆಯುತ್ತೇನೆ.


ಫೆಬ್ರವರಿ 11, ಮಂಗಳವಾರ

ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಕಣ್ಣು ಮಂಜು ಅನ್ನುತ್ತಾರೆ, ನನ್ನ ವಿಷಯಕ್ಕೆ ಮಾತ್ರ ಹದ್ದಿನ ಕಣ್ಣು. "ಎರಡು ದಿನದಿಂದ ಎಡಗಡೆ ವಾಲ್ಕೊಂಡು ನಡೀತಿದ್ದೀಯ. ಅಂಗಿ ಎತ್ತು."

"ಏನಿಲ್ಲ ಅತ್ತೆ, ಇಸ್ತ್ರಿ ಬಿಸಿ ತಾಗಿದೆ."

"ಎತ್ತೇ ಅಂದ್ರೆ."

ಎತ್ತಿದೆ. ಅವರು ಹೋಗಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ನೋಡಿದ ತಕ್ಷಣ ಹೇಳಿದಳು. ಸರ್ಪಸುತ್ತು. ಇಂಗ್ಲಿಷಿನಲ್ಲಿ ಹರ್ಪಿಸ್ ಜೋಸ್ಟರ್.

"ಚಿಕ್ಕವರಿದ್ದಾಗ ಚಿಕನ್‌ಪಾಕ್ಸ್ ಆಗಿತ್ತಾ?"

"ಯಾರಿಗೆ ಆಗಿಲ್ಲ?"

"ಅದೇ ವೈರಸ್ಸು. ವಾಸಿ ಆದ್ಮೇಲೂ ಪೂರ್ತಿ ಹೋಗಿರಲ್ಲ, ನರದ ಬುಡದಲ್ಲಿ ಮಲಗಿರುತ್ತೆ. ಈಗ ಎದ್ದಿದೆ. ಸಾಮಾನ್ಯವಾಗಿ ಐವತ್ತು ದಾಟಿದವರಿಗೆ ಬರೋದು. ನಿಮಗೆ ಬೇಗ ಬಂದಿದೆ."

ಬಾಡಿಗೆಯಿಲ್ಲದೆ ಇಷ್ಟು ವರ್ಷ ನನ್ನೊಳಗೆ ಒಬ್ಬ ವಾಸವಾಗಿದ್ದ. ಗೊತ್ತಿದ್ದರೆ ಎಂದೋ ಖಾಲಿ ಮಾಡಿಸುತ್ತಿದ್ದೆ.

ಇನ್ನೊಂದು ಪಕ್ಕಕ್ಕೆ ಸುತ್ತುವುದಿಲ್ಲವಂತೆ, ಒಂದೇ ಕಡೆ ನಿಲ್ಲುತ್ತದಂತೆ, ಕೂಡಿದರೆ ಸಾವು ಎನ್ನುವುದು ಸುಳ್ಳಂತೆ. ಆದರೆ ಮಾತ್ರೆಯನ್ನು ಬೊಕ್ಕೆ ಕಂಡ ಮೂರು ದಿನದೊಳಗೆ ಶುರು ಮಾಡಬೇಕಿತ್ತಂತೆ. "ಯಾಕೆ ತಡ ಮಾಡಿದ್ರಿ?" ಅಂದಳು. ಸುಟ್ಟುಕೊಂಡೆ ಅಂದುಕೊಂಡೆ ಎಂದೆ. ನಗಲಿಲ್ಲ, ಅದು ಅವಳ ದೊಡ್ಡತನ. ಹೊಸ ಬೊಕ್ಕೆ ಇನ್ನೂ ಏಳುತ್ತಿರುವುದರಿಂದ ಈಗಲಾದರೂ ತಗೊಳ್ಳಿ ಎಂದು ಬರೆದುಕೊಟ್ಟಳು.

ದಾರಿಯಲ್ಲಿ ಅತ್ತೆ — "ನನಗೆ ಬರಬೇಕಾದ್ದು ನಿನಗೆ ಬಂತಲ್ಲೇ. ಮೇಜು ತಗೊಂಡೆ, ಬೀಗದ ಕೈ ತಗೊಂಡೆ. ಇದನ್ನಾದ್ರೂ ನನಗೆ ಬಿಡಬಾರದಿತ್ತಾ?"

ನಗಲು ಹೋಗಿ ಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗಿದೆ. ಅವರೂ ನಗು ನಿಲ್ಲಿಸಿದರು.


ಫೆಬ್ರವರಿ 21, ಶುಕ್ರವಾರ

ಬರೆಯಲು ಆಗಿರಲಿಲ್ಲ.

ಬೊಕ್ಕೆ ಒಡೆದವು. ಒಣಗುತ್ತಿವೆ. ಒಣಗಿದರೆ ಮುಗಿಯಿತು ಅಂದುಕೊಂಡಿದ್ದೆ. ಬೆಂಕಿ ಮೇಲಿಲ್ಲ, ಒಳಗಿದೆ. ಫ್ಯಾನಿನ ಗಾಳಿ ತಾಗಿದರೂ ಉರಿ. ಹೊದಿಕೆ ತಾಗಿದರೆ ಗರಗಸ. ಊರಿನ ಮಕ್ಕಳಿಗೆಲ್ಲ ಬಟ್ಟೆ ಕತ್ತರಿಸುವವಳು — ಮೈಮೇಲೆ ಒಂದು ಎಳೆ ದಾರ ತಾಳಲಾರೆ. ಬಾಗಿಲು ಹಾಕಿಕೊಂಡು ಎಡಪಕ್ಕೆ ಬಿಟ್ಟು ಮಲಗುತ್ತೇನೆ. ಗುಬ್ಬಿ ಬಾಗಿಲು ತಟ್ಟಿದರೆ "ಆಮೇಲೆ ಬಾ".

ಕೆಳಗೆ ಮೇಜಿನ ಹತ್ತಿರ ವಾರಗಿತ್ತಿ ನಿಂತಿದ್ದಾಳೆ. ಕಟರಿನ ಸದ್ದು ಇಲ್ಲಿಗೆ ಕೇಳುತ್ತದೆ. ತಿರುವಿನಲ್ಲಿ ನಿಧಾನ ಮಾಡುತ್ತಿಲ್ಲ. ತಿರುವಿನಲ್ಲಿ ನಿಧಾನ ಮಾಡಬೇಕು.


ಮಾರ್ಚ್ 6, ಗುರುವಾರ

ನಮ್ಮವರು ಒಂದು ಅಂಗಿ ತಂದು ಮಂಚದ ಮೇಲಿಟ್ಟರು. ತೀರಾ ಮೃದುವಾದ ಹತ್ತಿ, ಸಾವಿರ ಸಲ ಒಗೆದಂಥದ್ದು. ತಿರುಗಿಸಿ ನೋಡಿದೆ. ಎಡಪಕ್ಕೆಯಲ್ಲಿ ಹೊಲಿಗೆಯೇ ಇಲ್ಲ. ಒಂದೇ ತುಂಡಿನಲ್ಲಿ ಎಡಗಡೆಯಿಂದ ಸುತ್ತಿ ತಂದು ಬಲಗಡೆ ಮಾತ್ರ ಕೂಡಿಸಿದ್ದಾರೆ. ಕುತ್ತಿಗೆಯ ಪಟ್ಟಿಯನ್ನೂ ಹೊರಕ್ಕೆ ಮಡಿಸಿದ್ದಾರೆ.

"ಯಾರು ಕಟ್ ಮಾಡಿದ್ದು?" ಅಂದೆ.

"ನಾನೇ."

"ನಿಮಗೆ ಕಟಿಂಗ್ ಯಾವಾಗ ಬಂತು?"

"ಇಪ್ಪತ್ತು ವರ್ಷದಿಂದ ನಿನ್ನನ್ನ ನೋಡ್ತಾ ಕೂತಿದೀನಿ."

ಕಂಕುಳ ಹತ್ತಿರ ಸ್ವಲ್ಪ ಬಿಗಿ. ಹೇಳಲಿಲ್ಲ. ಹಾಕಿಕೊಂಡೆ. ಅರ್ಧ ಗಂಟೆ ತಡೆದುಕೊಂಡೆ. ಆಮೇಲೆ ಅದೂ ಆಗಲಿಲ್ಲ... ಅವರು ಕೆಳಗೆ ಹೋದ ಮೇಲೆ ತೆಗೆದೆ.


ಮಾರ್ಚ್ 18, ಮಂಗಳವಾರ

ಚರ್ಮ ವಾಸಿ. ಕಂದು ಕಲೆಗಳಷ್ಟೇ. ನೋವು ಇದ್ದಲ್ಲೇ ಇದೆ.

ಡಾಕ್ಟರಮ್ಮ ಇವತ್ತು ಬಾಗಿಲು ಹಾಕಿ ಕೂತು ಮಾತಾಡಿದಳು. ನರ ಗಾಯಗೊಂಡಿದೆಯಂತೆ. ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ಇನ್ನೂ ಹೆಚ್ಚು. ನರದ ನೋವಿಗೆ ಬೇರೆ ಮಾತ್ರೆ ಕೊಟ್ಟಳು, ತಲೆ ತೂಗುತ್ತದೆ ಎಂದಳು. ಬೇಗ ಏಕೆ ಬಂತು ಅಂತ ಕೇಳಿದೆ. ಕೀಲುವಾತದ ಮಾತ್ರೆಗಳ ಚೀಟಿ ನೋಡಿದಳು.

"ಇವು ನಿಮ್ಮ ಬೆರಳು ಉಳಿಸ್ತಿವೆ. ಆದ್ರೆ ಮೈಯ ಕಾವಲನ್ನ ಸ್ವಲ್ಪ ತಗ್ಗಿಸುತ್ತವೆ. ಕಾವಲು ತಗ್ಗಿದಾಗ ಅದು ಏಳುತ್ತೆ."

"ಮತ್ತೆ ಏಳುತ್ತಾ?"

"ಎಲ್ಲರಿಗೂ ಅಲ್ಲ. ನಿಮ್ಮಂಥವರಿಗೆ ಉಳಿದವರಿಗಿಂತ ಸಾಧ್ಯತೆ ಜಾಸ್ತಿ."

ಕುರ್ಚಿಯ ಕೈ ಹಿಡಿದುಕೊಂಡೆ. ಲಸಿಕೆ ಇದೆ ಎಂದಳು. ಎರಡು ಸೂಜಿ, ನಡುವೆ ತಿಂಗಳುಗಳ ಅಂತರ. ಮಾಮೂಲಿಯಾಗಿ ಐವತ್ತರ ಮೇಲಿನವರಿಗೆ. ಕಾವಲು ತಗ್ಗಿದವರಿಗೆ ಮೊದಲೇ ಕೊಡಬಹುದು.

"ಕೊಡಿ. ಇವತ್ತೇ ಕೊಡಿ. ಈ ನೋವು ಹೋಗಲಿ."

"ಅಮ್ಮಾ, ಈ ನೋವಿಗೆ ಅದು ಔಷಧಿ ಅಲ್ಲ. ಮತ್ತೆ ಬರದ ಹಾಗೆ ಅಷ್ಟೇ. ಅದೂ ಬರೋದೇ ಇಲ್ಲ ಅಂತ ಬರೆದುಕೊಡಕ್ಕಾಗಲ್ಲ. ಸ್ವಲ್ಪ ಸುಧಾರಿಸಿಕೊಳ್ಳಿ, ಆಮೇಲೆ ನೋಡೋಣ."

ಎದ್ದು ಬಂದೆ. ಇವತ್ತಿನ ನೋವಿಗೆ ಏನೂ ಕೊಡದ ಸೂಜಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ?


ಮಾರ್ಚ್ 24, ಸೋಮವಾರ

ಕೆಳಗಿಳಿದೆ. ನಮ್ಮವರು ಹೊಲಿದ ಅಂಗಿ, ಮೇಲೆ ಏನೂ ಇಲ್ಲ. ಮೇಜಿನ ಅಂಚಿಗೆ ಒರಗದೆ ನಿಂತು ಗೆರೆ ಹಾಕಿದೆ. ಕೋಟಿನ ಆರ್ಡರು ಹಿಂದೆ ಬಿದ್ದಿದೆ.

ಒಂದು ನಿರ್ಧಾರ ಮಾಡಿದ್ದೇನೆ. ಕೀಲಿನ ಮಾತ್ರೆ ನಿಲ್ಲಿಸಿದೆ. ಕಾವಲು ತಗ್ಗಿಸುವುದು ಅದೇ ತಾನೇ? ಕಾವಲು ಏಳಲಿ. ಸೂಜಿಯೂ ಬೇಡ, ಯಾರ ಉಪಕಾರವೂ ಬೇಡ. ಕೇಳಿದರೆ ಡಾಕ್ಟರು ಬೇಡ ಅನ್ನುತ್ತಾರೆ, ಅದಕ್ಕೇ ಕೇಳಿಲ್ಲ.


ಏಪ್ರಿಲ್ 12, ಶನಿವಾರ

ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲು ಎರಡೂ ಕೈ ಬೇಕಾಯಿತು. ಗಂಟುಗಳು ಕೆಂಪಗೆ ಊದಿವೆ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬಿಡಿಸಿದೆ.

ಪಕ್ಕೆಯ ನೋವು ಒಂದು ಎಳೆಯಷ್ಟೂ ಇಳಿದಿಲ್ಲ.

ಈಗ ಎರಡು.


ಏಪ್ರಿಲ್ 17, ಗುರುವಾರ. ಸಂಜೆ

ಬರೆದೇ ತೀರಬೇಕು.

ಕೋಟಿನ ಬಟ್ಟೆಗೆ ಒಂದೇ ಕಡೆ ಹೊಳಪು. ಹಾಸುವಾಗ ಹೊಳಪೆಲ್ಲ ಮೇಲ್ಮುಖ. ಆದ್ದರಿಂದ ತೋಳಿಗೆ ಎರಡು ಗೆರೆ ಹಾಕಬೇಕು — ಒಂದು ಎಡದ್ದು, ಒಂದು ಬಲದ್ದು. ನಮೂನೆಯ ಕಾಗದವನ್ನು ಒಮ್ಮೆ ಇಟ್ಟು ಗೆರೆ ಎಳೆದು, ಮಗುಚಿ ಇನ್ನೊಮ್ಮೆ ಎಳೆಯಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲ ದಿನ ಹೇಳಿಕೊಡುವುದೇ ಇದು.

ಮಗುಚಲಿಲ್ಲ. ಎಳೆಯುವಾಗ ಪಕ್ಕೆಯಲ್ಲಿ ಚಾಟಿ ಬೀಸಿದಂತಾಯಿತು. ಕಣ್ಣು ಕತ್ತಲೆ. ಬೆರಳಿಗೆ ಚಾಕ್‌ನ ಪರಿವೆಯೇ ಇಲ್ಲ. ಸಾವರಿಸಿಕೊಂಡು ಎಲ್ಲಿ ಬಿಟ್ಟೆನೋ ಅಲ್ಲಿಂದ ಹಿಡಿದೆ ಅಂದುಕೊಂಡೆ. ಕಟರ್ ಓಡಿಸಿದೆ. ಅಷ್ಟೂ ಪದರ.

ಹೊಲಿಗೆಯ ಸಾಲಿನಲ್ಲಿ ಮೊದಲ ಕೋಟಿಗೆ ತೋಳು ಕೂಡಿಸಿದಾಗ ಗೊತ್ತಾಯಿತು. ಎಲ್ಲ ತೋಳೂ ಎಡಗೈಯದೇ.

ಮಷೀನುಗಳು ಒಂದೊಂದಾಗಿ ನಿಂತವು. ವಾರಗಿತ್ತಿ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಳು — "ಗೆರೆ ನಾನು ಹಾಕಿದ್ದು. ಅಕ್ಕ ಅಲ್ಲ. ತಪ್ಪಾಯ್ತು."

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ಸುಳ್ಳು ಹೇಳಬೇಡ," ಅಂದೆ. "ಗೆರೆ ನಂದು. ಕಟರ್ ಓಡಿಸಿದ್ದೂ ನಾನೇ. ನಿನ್ನ ಭಿಕ್ಷೆ ನನಗೆ ಬೇಡ."

ಅವಳ ಕಣ್ಣು ತುಂಬಿತು. "ಭಿಕ್ಷೆ ಅಲ್ಲಕ್ಕ. ಹತ್ತು ವರ್ಷ ನಿಮ್ಮ ಹತ್ರ ಬೈಸಿಕೊಂಡಿದೀನಿ. ಇನ್ನೊಂದು ದಿನ ಬೈಸಿಕೊಳ್ಳೋಣ ಅಂತ."

ಯಾರೋ ಹಿಂದೆ ಕಿಸಕ್ಕೆಂದರು. ನಾನು ಮೆಟ್ಟಿಲು ಹತ್ತಲು ಹೊರಟೆ. ಅರ್ಧದಲ್ಲಿ ಕೂತುಬಿಟ್ಟೆ. ಕಂಬಿ ಹಿಡಿಯಲು ಬೆರಳು ಮಡಚಲಿಲ್ಲ.


ಏಪ್ರಿಲ್ 18

ಮಲಗಿದ್ದೇನೆ. ಮೇಜು ಅವಳದು.


ಮೇ 2, ಶುಕ್ರವಾರ

ಬಟ್ಟೆ ಒಣಗಿಸಲು ಟೆರೇಸಿಗೆ ಹೋಗಿದ್ದೆ. ಒಣಗಿಸಿ ಆದ ಮೇಲೂ ಅಲ್ಲೇ ನಿಂತಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕೆಳಗೆ ಬೀದಿ, ಸೈಕಲ್ ಹೊಡೆಯುವ ಮಕ್ಕಳು, ಯಾರದೋ ಕುಕ್ಕರಿನ ಕೂಗು. ಇದೆಲ್ಲ ನನಗೆ ಸಂಬಂಧವಿಲ್ಲ ಅನಿಸಿತು. ನೋವು ನಿಂತರೆ ಸಾಕು, ಹೇಗೆ ನಿಂತರೂ ಸರಿ — ಅಂತ ಒಂದು ಯೋಚನೆ ಬಂತು. ತಣ್ಣಗೆ ಬಂತು. ಅದಕ್ಕೇ ಹೆದರಿಕೆ ಆಯಿತು.

ಅತ್ತೆ ಹತ್ತಿ ಬಂದಿದ್ದರು. ಮಂಡಿ ನೋವು ಅಂತ ಎರಡು ವರ್ಷದಿಂದ ಟೆರೇಸು ನೋಡದವರು. ಏದುಸಿರು.

"ಬಾ ಒಳಗೆ," ಅಂದರು.

"ಬರ್ತೀನಿ, ನೀವು ನಡೀರಿ."

"ನೀನು ಮುಂದೆ ನಡಿ. ನನಗೆ ಇಳಿಯಕ್ಕೆ ಭುಜ ಬೇಕು."

ಬಲಭುಜ ಕೊಟ್ಟೆ. ಇಳಿಯುವಾಗ ಮಧ್ಯದಲ್ಲಿ ನಿಂತು ಕೇಳಿದರು. "ನಿಜ ಹೇಳು. ಇದು ಇನ್ನೊಂದ್ಸಲ ಬಂದ್ರೆ ತಡ್ಕೋತೀಯ?"

"ಇಲ್ಲ ಅತ್ತೆ."

ಹಿಂದೆ ಯಾವತ್ತೂ ಅವರಿಗೆ ಆ ಮಾತು ಹೇಳಿದವಳಲ್ಲ. ಮದುವೆಯಾಗಿ ಬಂದ ವಾರ ಬಟ್ಟೆಯ ಇಡೀ ಥಾನು ಹೊತ್ತುಕೋ ಅಂದಾಗಲೂ ಆಗಲ್ಲ ಅಂದಿರಲಿಲ್ಲ.

"ಹಾಗಾದ್ರೆ ಡಾಕ್ಟರ ಹತ್ರ ಹೋಗಿ ಇದನ್ನೇ ಹೇಳು. ಟೆರೇಸು ಹತ್ತಿದ್ದೂ ಹೇಳು. ಬರೀ ಪಕ್ಕೆ ಪಕ್ಕೆ ಅನ್ನಬೇಡ."


ಮೇ 6, ಮಂಗಳವಾರ

ಹೋದೆ. ಎಲ್ಲ ಹೇಳಿದೆ. ಕೀಲಿನ ಮಾತ್ರೆ ನಿಲ್ಲಿಸಿದ್ದು, ತೋಳುಗಳು, ಟೆರೇಸು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. "ಇಷ್ಟು ದಿನ ಒಬ್ಬರೇ ಹೊತ್ತಿದ್ರಾ?" ಅಂದಳು. ಈ ಮನೆಗೆ ಬಂದ ಮೇಲೆ ಇನ್ನೊಬ್ಬರ ಮುಂದೆ ಅತ್ತದ್ದು ಇದೇ ಮೊದಲು. ಕರವಸ್ತ್ರ ಮರೆತಿದ್ದೆ. ಅಂಗಿಯ ತೋಳಿನಲ್ಲಿ ಒರೆಸಿಕೊಂಡೆ.

ನೋವಿನ ಮಾತ್ರೆ ಹೆಚ್ಚಿಸಿದಳು. ಮನಸ್ಸಿಗೆ ಎಂದು ಇನ್ನೊಂದು. ನರದ ನೋವಿಗೂ ಅದು ಆಗುತ್ತದಂತೆ. ಟೆರೇಸಿನ ಯೋಚನೆ ಮತ್ತೆ ಬಂದರೆ ಆ ಕ್ಷಣವೇ ಮನೆಯಲ್ಲಿ ಯಾರಿಗಾದರೂ ಹೇಳಬೇಕು, ಅವಳಿಗೆ ಫೋನ್ ಮಾಡಬೇಕು — ಮಾತು ಕೊಡಿಸಿಕೊಂಡಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. "ನಾನಿದೀನಿ, ಟೆರೇಸಿನ ಬೀಗ ನನ್ನ ಹತ್ರ" ಅಂದರು. ಮನೆಯ ಬೀಗದ ಕೈಗಳಲ್ಲಿ ಒಂದು ಅವರಿಗೆ ವಾಪಸು ಹೋಯಿತು.


ಮೇ 27, ಮಂಗಳವಾರ

ನೋವು ಹತ್ತರಲ್ಲಿ ಒಂಬತ್ತಿತ್ತು ಅಂದರೆ ಈಗ ಏಳು. ಏಳು ಕಡಿಮೆಯೇನಲ್ಲ. ಆದರೆ ಏಳರಲ್ಲಿ ಊಟ ರುಚಿಸುತ್ತದೆ.

ಕೀಲು ಡಾಕ್ಟರು ಎರಡೂ ಕೈ ಹಿಡಿದು ನೋಡಿ ತಲೆ ಆಡಿಸಿದರು. ಹಳೇ ಮಾತ್ರೆ ಮತ್ತೆ ಶುರು. ಆದರೆ ಅದು ಸಾಲುತ್ತಿಲ್ಲವಂತೆ. ಇನ್ನೂ ಬಲವಾದ್ದಕ್ಕೆ ಹೋಗಬೇಕು, ಇಲ್ಲದಿದ್ದರೆ ಬೆರಳು ಸೊಟ್ಟಗಾಗಿ ನಿಲ್ಲುತ್ತವೆ. ಬಲವಾದ್ದು ಕಾವಲನ್ನು ಇನ್ನಷ್ಟು ತಗ್ಗಿಸುತ್ತದೆ. "ಅದಕ್ಕೇ ಮೊದಲು ಆ ಲಸಿಕೆ ಹಾಕಿಸ್ಕೊಂಡುಬಿಡಿ. ಆಮೇಲೆ ಹೊಸ ಮಾತ್ರೆ. ಜಾಸ್ತಿ ತಡ ಮಾಡಬೇಡಿ."

ಅಂದರೆ ಹೀಗೆ. ಬೆರಳು ಬೇಕಾದರೆ ಬಲವಾದ ಮಾತ್ರೆ. ಬಲವಾದ ಮಾತ್ರೆ ತಗೊಂಡರೆ ಆ ಬೆಂಕಿ ಮತ್ತೆ ಏಳಬಹುದು. ಬೆಂಕಿ ಬೇಡವಾದರೆ ಸೂಜಿ. ಸೂಜಿಗೆ ಖಾತ್ರಿ ಇಲ್ಲ. ಎಷ್ಟು ಸಲ ಹಾಕಿದರೂ ಈ ಲೆಕ್ಕಕ್ಕೆ ಶೇಷ ಉಳಿಯುತ್ತದೆ.


ಜೂನ್ 1, ಭಾನುವಾರ

ಊಟದ ಹೊತ್ತಿಗೆ ಮನೆಯವರೆಲ್ಲ ಡಾಕ್ಟರುಗಳು.

ಮೈದುನ — "ಅತ್ತಿಗೆ, ಐವತ್ತಕ್ಕೆ ಹಾಕೋದನ್ನ ಈಗ್ಯಾಕೆ? ಇನ್ನೂ ಏಳು ವರ್ಷ ಇದೆ."

ಅತ್ತೆ — "ಕಾಯಿಲೆ ನಿನ್ನ ಅತ್ತಿಗೆಯ ವಯಸ್ಸು ಕೇಳ್ಕೊಂಡು ಬಂತೇನೋ?"

ವಾರಗಿತ್ತಿ ಮೆಲ್ಲಗೆ, ತಟ್ಟೆ ನೋಡಿಕೊಂಡು — "ನಮ್ಮ ಚಿಕ್ಕಮ್ಮನ ಪಕ್ಕದ ಮನೆಯವರಿಗೆ ಯಾವುದೋ ಸೂಜಿ ಹಾಕಿಸಿದ್ಮೇಲೆ ವಾರಗಟ್ಟಲೆ ಜ್ವರವಂತೆ..."

"ಯಾವ ಸೂಜಿ?"

"ಅದು ಗೊತ್ತಿಲ್ಲ ಅಕ್ಕ."

"ಗೊತ್ತಿಲ್ಲದಿದ್ರೆ ಪಲ್ಯ ಬಡಿಸು."

ಆದರೆ ನನ್ನೊಳಗೂ ಅದೇ ಭಯ. ಮಲಗಿರುವುದನ್ನು ಸೂಜಿಯೇ ತಟ್ಟಿ ಎಬ್ಬಿಸಿದರೆ? ಏಳಕ್ಕೆ ಇಳಿದದ್ದು ಒಂಬತ್ತಕ್ಕೆ ಹೋದರೆ? ಗುಬ್ಬಿ ತನ್ನ ಫೋನಿನಲ್ಲಿ ಏನೇನೋ ಓದಿ ಹೇಳಿದಳು. ಇದರಲ್ಲಿ ಜೀವಂತ ವೈರಸ್ಸು ಇಲ್ಲ ಅಂದಳು. ತೋಳು ನೋಯುತ್ತದೆ, ಜ್ವರ ಬರಬಹುದು, ಎರಡು ಮೂರು ದಿನ. ಅಪರೂಪಕ್ಕೆ ಕೀಲು ನೋವು ಕೆರಳಬಹುದು.

"ಅಪರೂಪಕ್ಕೆ ಅಂದ್ರೆ ನಾನೇ," ಅಂದೆ. "ನಲವತ್ತಮೂರಕ್ಕೆ ಸರ್ಪಸುತ್ತು ಬಂದವಳು."

ನಮ್ಮವರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು — "ಅವಳು ಹೇಳ್ತಾಳೆ. ನೀವು ಯಾರೂ ಹೇಳಬೇಡಿ."

ಒಳ್ಳೆಯ ಮಾತು. ಆದರೆ ಮೊದಲ ಸಲ ಅನಿಸಿತು — ಯಾರಾದರೂ ಹಾಕಿಸಿಕೋ ಅಂತ ಗದರಿಸಿದ್ದರೆ ಚೆನ್ನಾಗಿತ್ತು. ಮನೆಯವರಿಗೆಲ್ಲ ಗದರಿಸಿ ಮಾಡಿಸಿದ್ದೇನೆ. ಅತ್ತೆಯ ಕಣ್ಣಿನ ಆಪರೇಷನ್ನು, ಮೈದುನನ ಹಲ್ಲು, ನಮ್ಮವರ ಕನ್ನಡಕ. ನನ್ನನ್ನು ಗದರಿಸುವವರನ್ನು ನಾನೇ ಉಳಿಸಿಕೊಂಡಿಲ್ಲ.


ಜೂನ್ 12, ಗುರುವಾರ

ಆಸ್ಪತ್ರೆಯ ಗೇಟಿನವರೆಗೆ ಹೋಗಿ ವಾಪಸು ಬಂದೆ. ನೂಲು ತರಲು ಹೋಗಿದ್ದೆ ಅಂದೆ. ನೂಲು ತರಲಿಲ್ಲ. ಯಾರೂ ಕೇಳಲಿಲ್ಲ.


ಜೂನ್ 29, ಭಾನುವಾರ

ಕೋಟುಗಳು ಹೋದವು. ಎಡತೋಳುಗಳ ರಾಶಿಗೆ ಜೋಡಿಯಾಗಿ ಬಲತೋಳುಗಳನ್ನು ಮತ್ತೆ ಕತ್ತರಿಸಿ, ಬಟ್ಟೆ ಸಾಲದ ಕಡೆ ಹೊಸ ಥಾನು ತರಿಸಿ, ವಾರಗಿತ್ತಿಯೇ ಮುಗಿಸಿದಳು. ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ತಿರುವಿನಲ್ಲಿ ನಿಧಾನ ಮಾಡುತ್ತಾಳೆ ಈಗ. ನಾನು ಹೇಳಿರಲಿಲ್ಲ.

ಆಮೇಲೆ ಅವಳು ನನ್ನ ಕೈಗೆ ಚಾಕ್ ಕೊಟ್ಟಳು, ಎರೇಸರಿನಷ್ಟು ಸಣ್ಣ ತುಂಡು. "ಅಕ್ಕ, ಕಾಲರಿನ ತಿರುವು ನನಗೆ ಬರಲ್ಲ. ಬಾಯಲ್ಲಿ ಹೇಳಿದ್ರೆ ಆಗಲ್ಲ." ಹಿಡಿದೆ. ಬೆರಳು ಅರ್ಧ ಮಡಚಿತು, ಅರ್ಧ ಇಲ್ಲ. ಗೆರೆ ನಡುಗಿತು. ಅವಳು ಅದರ ಮೇಲೆ ಇನ್ನೊಂದು ಗೆರೆ ಎಳೆದು ನೇರ ಮಾಡಿಕೊಂಡಳು. ಮೇಜಿನ ಸುತ್ತ ಇದ್ದವರು ಬೇರೆ ಕಡೆ ನೋಡಿದರು.

ಈ ಕೈ ನನಗೆ ಬೇಕು. ಮೇಜು ಅವಳದಾದರೂ ಆಗಲಿ, ಕೈ ಬೇಕು. ಗುಂಡಿ ಹಾಕಿಕೊಳ್ಳಲು, ಗುಬ್ಬಿಯ ಜಡೆ ಹಿಡಿದೆಳೆಯಲು, ಇದನ್ನು ಬರೆಯಲು.


ಜುಲೈ 8, ಮಂಗಳವಾರ. ಮಧ್ಯಾಹ್ನ ಮೂರು

ಹಾಕಿಸಿಕೊಂಡು ಬಂದೆ.

ಬೆಳಿಗ್ಗೆ ಎದ್ದಾಗ ಪಕ್ಕೆ ಎಂದಿನ ಹಾಗೇ ಉರಿಯುತ್ತಿತ್ತು. ಒಳ್ಳೆಯ ದಿನ ನೋಡಿ ಹೋಗೋಣ ಅಂತ ಇಷ್ಟು ದಿನ ಕಾದೆ. ಒಳ್ಳೆಯ ದಿನ ಬರಲಿಲ್ಲ. ಉರಿ ಇಟ್ಟುಕೊಂಡೇ ಹೊರಟೆ. ನಮ್ಮವರ ಅಂಗಿ, ಮೇಲೆ ಸಡಿಲ ಕೋಟು — ಇಷ್ಟು ತಿಂಗಳಲ್ಲಿ ಕೋಟು ಹಾಕಿದ್ದು ಮೊದಲ ಸಲ. ದಾರಿಯುದ್ದಕ್ಕೂ ಎಡಗಡೆ ಎತ್ತಿ ಹಿಡಿದುಕೊಂಡು ನಡೆದೆ. ನೋಡಿದವರು ಬಟ್ಟೆ ಕದ್ದು ಬಚ್ಚಿಟ್ಟುಕೊಂಡಿದ್ದಾಳೆ ಅಂದುಕೊಂಡಿರಬೇಕು.

ನರ್ಸು ಚೀಟಿ ನೋಡಿ, ನನ್ನ ಹಿಂದೆ ಕಣ್ಣು ಹಾಯಿಸಿದಳು. "ಪೇಷಂಟ್ ಎಲ್ಲಿ? ನಿಮ್ಮ ತಾಯಿನಾ?"

"ಪೇಷಂಟ್ ನಾನೇ."

"ಇದು ವಯಸ್ಸಾದವರ—"

"ಗೊತ್ತು. ಮೊದಲೇ ಬಂದಿದೀನಿ. ಹಾಕು."

ಡಾಕ್ಟರಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಒಳಗೆ ಬಂದು ಮೆಲ್ಲಗೆ ಕೇಳಿದಳು, ಭಯ ಆಗ್ತಿದೆಯಾ ಅಂತ. ಇಲ್ಲ ಎಂದು ಹೇಳಲು ಬಾಯಿ ತೆರೆದೆ. "ಹೌದು" ಅಂದೆ. ಅವಳು ನನ್ನ ಊದಿದ ಬಲಗೈ ಹಿಡಿದುಕೊಂಡಳು. ಸೂಜಿ ಎಡತೋಳಿಗೆ. ಎಷ್ಟೋ ಸೂಜಿ ಬೆರಳಿಗೆ ಚುಚ್ಚಿಸಿಕೊಂಡವಳಿಗೆ ಅದು ಗೊತ್ತೇ ಆಗಲಿಲ್ಲ. ಮುಗಿಯಿತಾ ಅಂತ ಎರಡು ಸಲ ಕೇಳಿದೆ. ಸ್ವಲ್ಪ ಹೊತ್ತು ಕೂರಿಸಿ ಕಳಿಸಿದರು.

ಮೆಟ್ಟಿಲ ಮೇಲೆ ಅತ್ತೆ. "ಎಲ್ಲಿ ಹೋಗಿದ್ದೆ?"

"ಲಸಿಕೆ ಹಾಕಿಸ್ಕೊಂಡೆ."

"ಯಾರನ್ನ ಕೇಳಿ?"

"ಯಾರನ್ನೂ ಕೇಳಿಲ್ಲ."

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನಗೆ ಎಪ್ಪತ್ತೆರಡು. ನಿಜವಾಗಿ ಹಾಕಬೇಕಾದ್ದು ನನಗೆ. ಒಂದು ಮಾತು ಕರೀಬಾರದಿತ್ತಾ? ಒಬ್ಬಳೇ ಹೋಗಿ ಹಾಕಿಸ್ಕೊಂಡು ಬಂದ್ಲಂತೆ, ಧೀರೆ."

"ಬರೋ ವಾರ ಕರ್ಕೊಂಡು ಹೋಗ್ತೀನಿ."

"ಸೂಜಿ ಅಂದ್ರೆ ನನಗೆ ಆಗಲ್ಲ."

"ಆಗಲ್ಲ ಅಂದ್ರೆ ಯಾರು ಕೇಳ್ತಾರೆ? ಹೊರಡಬೇಕು ಅಷ್ಟೇ," ಅಂದೆ.

ದನಿ ಸ್ವಲ್ಪ ಜೋರೇ ಆಯಿತು. ಕೆಳಗೆ ಒಂದು ಮಷೀನು ನಿಂತು ಮತ್ತೆ ಶುರುವಾಯಿತು.


ಅದೇ ದಿನ. ಸಂಜೆ

ತೋಳು ಕಲ್ಲಿನ ಹಾಗೆ. ಚಳಿ ಹತ್ತುತ್ತಿದೆ. ಜ್ವರ ಬರುತ್ತದೆ ಅಂದಿದ್ದರು, ಬರುತ್ತಿದೆ. ಗುಬ್ಬಿ ಹೊದಿಕೆ ತಂದಳು, ಬಲಗಡೆ ಮಾತ್ರ ಹೊದಿಸಿದಳು. ಹೇಳಿಕೊಟ್ಟವರು ಯಾರೂ ಇಲ್ಲ.

ಪಕ್ಕೆ ಹಾಗೇ ಇದೆ. ಇವತ್ತಿಗೆ ಸೂಜಿಯಿಂದ ಏನೂ ಸಿಗಲಿಲ್ಲ. ಸಿಗುವುದಿಲ್ಲ ಎಂದು ಗೊತ್ತಿದ್ದೇ ಹೋದದ್ದು. ಎರಡನೆಯದು ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರಿನಲ್ಲಿ ನಾನು ಇರುತ್ತೇನೆ ಅಂತ ಲೆಕ್ಕ ಹಾಕಿಯೇ ತಾರೀಖು ಬರೆಸಿಕೊಂಡು ಬಂದೆ. ಮೇ ತಿಂಗಳಲ್ಲಿ ಆ ಲೆಕ್ಕ ನನ್ನ ಹತ್ತಿರ ಇರಲಿಲ್ಲ.

ಗುಬ್ಬಿ ಇನ್ನೂ ಮಂಚದ ಬಲಗಡೆ ನಿಂತಿದ್ದಾಳೆ. ತಬ್ಬಲೋ ಬೇಡವೋ ಅಂತ. ಈ ಕಡೆಯಿಂದ ಬಾರೇ ಅಂತ ಹೇಳಬೇಕು, ಪೆನ್ನು ಕೆಳಗಿಟ್ಟು